ಶ್ರುತಿ ಅದೇ, ಲಯ ಬೇರೆ: ಹಳೆಯ ಟಿವಿ ಗೇಮ್ ಪೆಟ್ಟಿಗೆಯ ಬಗ್ಗೆ ಸಂಪಾದಕರ ಉತ್ತರ

ಓದುಗರ ಪತ್ರ: ಅಟ್ಟ ಗುಡಿಸುವಾಗ ತೊಂಬತ್ತರ ದಶಕದ ಟಿವಿ ಗೇಮ್ ಪೆಟ್ಟಿಗೆ, ನಾಲ್ಕು ಕ್ಯಾಸೆಟ್, ಒಂದು ಬಂದೂಕು ಸಿಕ್ಕವು. ಅಡಾಪ್ಟರ್ ಕಳೆದಿದೆ. ಹೊಸ ಎಲ್‌ಇಡಿ ಟಿವಿಗೆ ಹೇಗೆ ಜೋಡಿಸುವುದೆಂದು ಗೊತ್ತಾಗುತ್ತಿಲ್ಲ. ಅಷ್ಟರಲ್ಲಿ ಮಗ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ (ಹಳೆಯ ಗೇಮ್ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಹಾಕಿ ಮಾರಿಯೊ ತೋರಿಸಿದ. ಆಟ ಯಾಕೋ ಓಡಿಹೋಗುತ್ತದೆ, ಸಂಗೀತಕ್ಕೂ ಅವಸರ. ನನಗೆ ವಯಸ್ಸಾಯಿತೋ, ಎಮ್ಯುಲೇಟರಿನದೇ ತಪ್ಪೋ? ಪೆಟ್ಟಿಗೆಯನ್ನು ರಿಪೇರಿ ಮಾಡಲೋ, ಬಿಡಲೋ?
— ತೀರ್ಥಹಳ್ಳಿಯ ಓದುಗರೊಬ್ಬರು

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಇದೆ. ಎಮ್ಯುಲೇಟರೂ ತಪ್ಪು ಮಾಡಿಲ್ಲ. ನೀವು ಚಿಕ್ಕಂದಿನಲ್ಲಿ ಆಡಿದ ಮಾರಿಯೊನೇ ನಿಧಾನದವನು.

ನಿಮ್ಮ ಪೆಟ್ಟಿಗೆ ನಿಂಟೆಂಡೊ ಕಂಪನಿಯದಲ್ಲ. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್‌ನ ನಕಲು ಅದು. ಜಪಾನಿನ ಟಿವಿ ಎನ್‌ಟಿಎಸ್‌ಸಿ ಪದ್ಧತಿಯದು, ಆದ್ದರಿಂದ ಮೂಲ ಯಂತ್ರ ಸೆಕೆಂಡಿಗೆ ಸುಮಾರು 60 ಚಿತ್ರ ಬಿಡಿಸುತ್ತದೆ. ನಮ್ಮಲ್ಲಿದ್ದದ್ದು ಪಾಲ್ ಪದ್ಧತಿ, ಸೆಕೆಂಡಿಗೆ 50. ಆ ಕಾಲದ ಆಟಗಳು ಸಮಯವನ್ನು ಗಡಿಯಾರದಿಂದ ಅಳೆಯುತ್ತಿರಲಿಲ್ಲ, ಬಿಡಿಸಿದ ಚಿತ್ರಗಳನ್ನು ಎಣಿಸಿ ಅಳೆಯುತ್ತಿದ್ದವು. 60ಕ್ಕೆ ಬರೆದ ಆಟವನ್ನು 50ರ ಯಂತ್ರದಲ್ಲಿ ಓಡಿಸಿದರೆ ನಡಿಗೆ, ಜಿಗಿತ, ಹಾಡು ಎಲ್ಲವೂ ಆರನೇ ಒಂದು ಭಾಗದಷ್ಟು ನಿಧಾನ.

ಇದನ್ನು ಸ್ಟಾಪ್‌ವಾಚ್ ಹಿಡಿದು ನೀವೇ ಪರೀಕ್ಷಿಸಬಹುದು. ಸೂಪರ್ ಮಾರಿಯೊ ಬ್ರದರ್ಸ್‌ನ ಮೊದಲ ಹಂತದಲ್ಲಿ ಮಾರಿಯೊನನ್ನು ಹೊರಟ ಜಾಗದಲ್ಲೇ ನಿಲ್ಲಿಸಿ. ಮೇಲಿನ ಟೈಮ್ 400ರಿಂದ ಇಳಿಯುತ್ತದೆ. ಒಂದೊಂದು ಎಣಿಕೆಗೂ 24 ಚಿತ್ರ. 400ರಿಂದ 300ಕ್ಕೆ ಇಳಿಯಲು 60ರ ಯಂತ್ರದಲ್ಲಿ 40 ಸೆಕೆಂಡ್, 50ರದ್ದರಲ್ಲಿ 48 ಸೆಕೆಂಡ್ ಹಿಡಿಯುತ್ತದೆ. ಮಗನ ಲ್ಯಾಪ್‌ಟಾಪಿನಲ್ಲಿ 40 ಬಂದೇ ಬರುತ್ತದೆ.

ಹಾಗಾದರೆ ಎಮ್ಯುಲೇಟರನ್ನು ಪಾಲ್‌ಗೆ ತಿರುಗಿಸಿದರೆ ಸಾಕೇ ಎಂದರೆ, ಸಾಲದು. ಹೆಚ್ಚಿನವರು ಎಡವುವುದೇ ಇಲ್ಲಿ. ಯುರೋಪಿಗಾಗಿ ನಿಂಟೆಂಡೊ ಮಾಡಿದ ಅಧಿಕೃತ ಪಾಲ್ ಯಂತ್ರದ ಪ್ರೊಸೆಸರ್ 1.66 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಜಪಾನಿನದು 1.79ರಲ್ಲಿ. ಧ್ವನಿ ಹುಟ್ಟುವುದು ಅದೇ ಚಿಪ್ಪಿನಲ್ಲಿ, ಹಾಗಾಗಿ ಜಪಾನಿನ ಆಟವನ್ನು ಅಲ್ಲಿ ಹಾಕಿದರೆ ಲಯದ ಜೊತೆಗೆ ಶ್ರುತಿಯೂ ಅರ್ಧ ಸ್ವರಕ್ಕಿಂತ ತುಸು ಹೆಚ್ಚೇ ಕೆಳಗಿಳಿಯುತ್ತದೆ. ನಕಲು ಪೆಟ್ಟಿಗೆ ಮಾಡಿದವರು ಇಲ್ಲಿ ಜಾಣತನ ತೋರಿಸಿದರು. ಯಂತ್ರಕ್ಕೆ ತಾಳ ಹಾಕುವ ಬಿಡಿಭಾಗ ಕ್ರಿಸ್ಟಲ್. 26.601712 ಮೆಗಾಹರ್ಟ್ಸ್‌ನ ಅದೇ ಪಾಲ್ ಕ್ರಿಸ್ಟಲಿನ ತಾಳವನ್ನು 16ರಿಂದ ಭಾಗಿಸುವ ಬದಲು 15ರಿಂದ ಭಾಗಿಸಿದರು. ಪ್ರೊಸೆಸರ್ 1.77ಕ್ಕೆ ಬಂತು, ಮೂಲಕ್ಕೆ ಶೇಕಡ ಒಂದರಷ್ಟೂ ವ್ಯತ್ಯಾಸವಿಲ್ಲ. ಶ್ರುತಿ ಅದೇ, ಲಯ ಮಾತ್ರ ವಿಳಂಬ. ಪ್ರೊಸೆಸರಿಗೂ ಚಿತ್ರದ ಚಿಪ್ಪಿಗೂ ಇರಬೇಕಾದ ಒಂದಕ್ಕೆ ಮೂರರ ಅನುಪಾತವೂ ಉಳಿಯಿತು, ಆದ್ದರಿಂದ ಜಪಾನಿನ ಆಟಗಳಲ್ಲಿ ಪರದೆಯ ಮೇಲಿನ ಅಂಕಪಟ್ಟಿ ಅಲುಗಾಡುವುದಿಲ್ಲ. ನಕಲು ಎಂದು ಮೂಗು ಮುರಿಯುವವರು ಇದೊಂದನ್ನು ಗಮನಿಸಬೇಕು.

ಎಮ್ಯುಲೇಟರ್ ಬರೆಯುವವರು ಈ ಮೂರನೆಯ ಬಗೆಯನ್ನು ಡೆಂಡಿ ಎಂದು ಕರೆಯುತ್ತಾರೆ. ರಷ್ಯಾದಲ್ಲಿ ಮಾರಾಟವಾದ ಇಂಥದೇ ನಕಲಿನ ಹೆಸರು ಅದು. ಮೆಸೆನ್ ಎಂಬ ಉಚಿತ ಎಮ್ಯುಲೇಟರ್ ಹಾಕಿಕೊಂಡು, ರೀಜನ್ ಎಂಬಲ್ಲಿ ಆಟೊ ತೆಗೆದು ಡೆಂಡಿ ಆರಿಸಿ. ಆಟದ ಫೈಲು ಜಪಾನ್ ಅಥವಾ ಅಮೆರಿಕದ್ದೇ ಇರಲಿ. ಮಾರಿಯೊನ ಯುರೋಪ್ ಆವೃತ್ತಿಯಲ್ಲಿ ವೇಗವನ್ನು 50ಕ್ಕೆಂದೇ ತಿದ್ದಿದ್ದಾರೆ, ಅದು ನಿಮ್ಮ ನೆನಪಿಗೆ ಹೊಂದುವುದಿಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಹಲವು ನಕಲು ಚಿಪ್ಪುಗಳಲ್ಲಿ, ಹಾಡು ನುಡಿಸುವ ಚೌಕ ಅಲೆಯ ಶೇಕಡ 25 ಮತ್ತು 50ರ ಅಗಲಗಳು (ಇದಕ್ಕೆ ಡ್ಯೂಟಿ ಸೈಕಲ್ ಎನ್ನುತ್ತಾರೆ) ಅದಲು ಬದಲಾಗಿವೆ. ಸ್ವರ ಅದೇ, ನಾದ ಬೇರೆ: ತೆಳ್ಳಗೆ ಮೂಗಿನಲ್ಲಿ ಬರಬೇಕಾದದ್ದು ದುಂಡಗೆ ಕೇಳುತ್ತದೆ, ದುಂಡಗಿನದು ತೆಳ್ಳಗೆ. ಡ್ಯೂಟಿ ಸೈಕಲ್ ಅದಲು ಬದಲು ಮಾಡುವ ಆಯ್ಕೆ ಮೆಸೆನ್‌ನಲ್ಲೂ ಎಫ್‌ಸಿಇಯುಎಕ್ಸ್ ಎಂಬ ಇನ್ನೊಂದು ಎಮ್ಯುಲೇಟರಿನಲ್ಲೂ ಇದೆ. ಅದನ್ನೂ ಒತ್ತಿ ನೋಡಿ. ಹಳೆಯ ಹಾಡು ಸಿಕ್ಕಿದರೆ ಕಿವಿಯೇ ಹೇಳುತ್ತದೆ.

ಡೆಂಡಿ ಆರಿಸಿದ ಮೇಲೆ ಹಿನ್ನೆಲೆ ಸರಿಯುವಾಗ ಕುಲುಕಿದಂತೆ ಕಂಡರೆ ಗಾಬರಿಯಾಗಬೇಡಿ. ಲ್ಯಾಪ್‌ಟಾಪಿನ ಪರದೆ 60ರದು. 50 ಚಿತ್ರಗಳನ್ನು 60 ಜಾಗಕ್ಕೆ ಹಂಚುವಾಗ ಪ್ರತಿ ಐದರಲ್ಲಿ ಒಂದು ಚಿತ್ರ ಎರಡು ಸಲ ಕಾಣುತ್ತದೆ. ಎಚ್‌ಡಿಎಂಐ ತಂತಿಯಲ್ಲಿ ಟಿವಿಗೆ ಜೋಡಿಸಿ, ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟನ್ನು 50 ಹರ್ಟ್ಸ್‌ಗೆ ಇಳಿಸಿ, ಪೂರ್ಣ ಪರದೆಯಲ್ಲಿ ಆಡಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಚಿತ್ರದ ಅನುಪಾತ 4:3 ಇಡಿ. ಬ್ಲೂಟೂತ್ ಇಯರ್‌ಫೋನ್ ಬೇಡ, ಜಿಗಿದ ಮೇಲೆ ಜಿಗಿತದ ಸದ್ದು ಕೇಳುತ್ತದೆ. ತಂತಿಯ ಯುಎಸ್‌ಬಿ ಗೇಮ್ ಪ್ಯಾಡ್ ತೆಗೆದುಕೊಳ್ಳಿ. ಇಷ್ಟಾದರೂ ಗುಂಡಿ ಒತ್ತಿದ್ದು ತಡವೆನಿಸಿದರೆ ಎಮ್ಯುಲೇಟರಿನಲ್ಲಿ ಆ ತಡವನ್ನು ತಗ್ಗಿಸುವ ರನ್ ಅಹೆಡ್ ಎಂಬ ಆಯ್ಕೆಯನ್ನು 1 ಫ್ರೇಮಿಗೆ (ಒಂದು ಚಿತ್ರಕ್ಕೆ) ಇಡಿ, ಅದಕ್ಕಿಂತ ಹೆಚ್ಚಿಸಿದರೆ ಚಲನೆ ನೆಗೆಯುತ್ತದೆ.

ಈಗ ಪೆಟ್ಟಿಗೆ. ಕೈಗೆ ಸಿಕ್ಕ ಅಡಾಪ್ಟರ್ ಚುಚ್ಚುವ ಆಸೆ ಬೇಡ. ತಳದ ಸ್ಕ್ರೂ ಬಿಚ್ಚಿ, ಪವರ್ ಸಾಕೆಟ್ಟಿನ ಹತ್ತಿರ ತಗಡಿಗೆ ಅಂಟಿದ ಮೂರು ಕಾಲಿನ ಬಿಡಿಭಾಗ ಹುಡುಕಿ. ಮೇಲೆ 7805 ಎಂದಿದ್ದರೆ ಅದು 5 ವೋಲ್ಟ್‌ನ ರೆಗ್ಯುಲೇಟರ್, ಪೆಟ್ಟಿಗೆಗೆ 9 ವೋಲ್ಟ್ ಡಿಸಿ ಕೊಡಬೇಕು. ಅಂಥದ್ದು ಇಲ್ಲವೇ ಇಲ್ಲ ಎಂದಾದರೆ ಅದು ನೇರ 5 ವೋಲ್ಟ್‌ನ ಪೆಟ್ಟಿಗೆ ಇರಬಹುದು, 9 ಕೊಟ್ಟರೆ ಚಿಪ್ ಸುಡುತ್ತದೆ. ಇನ್ನು ಪ್ಲಸ್ ಮೈನಸ್. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದು ಮೊನೆಯನ್ನು 7805ರ ನಡುಗಾಲಿಗೆ ತಾಗಿಸಿ, ಇನ್ನೊಂದನ್ನು ಸಾಕೆಟ್ಟಿನ ನಡುವಿನ ಕಡ್ಡಿಗೆ, ಆಮೇಲೆ ಹೊರಬಳೆಗೆ. ಬೀಪ್ ಬಂದದ್ದು ಮೈನಸ್. ಈ ಪೆಟ್ಟಿಗೆಗಳಲ್ಲಿ ಹಲವಕ್ಕೆ ನಡುವೆ ಮೈನಸ್ ಇರುತ್ತದೆ, ಇಂದಿನ ಅಡಾಪ್ಟರುಗಳಲ್ಲಿ ಹೆಚ್ಚಿನವಕ್ಕೆ ನಡುವೆ ಪ್ಲಸ್. ಗಿಟಾರ್ ಪೆಡಲಿಗೆಂದು ಮಾರುವ 9 ವೋಲ್ಟ್ ಅಡಾಪ್ಟರು ನಡುವೆ ಮೈನಸ್‌ನದೇ, 500 ಮಿಲಿಆಂಪಿಯರ್‌ನಿಂದ 1 ಆಂಪಿಯರ್‌ವರೆಗಿನದು ಸಾಕು. 12 ವೋಲ್ಟ್ ಕೊಟ್ಟರೂ ಓಡುತ್ತದೆ ಎನ್ನುವವರಿದ್ದಾರೆ. ಓಡುತ್ತದೆ, ಆದರೆ ಹೆಚ್ಚಿನ ವೋಲ್ಟೇಜನ್ನೆಲ್ಲ 7805 ಶಾಖವಾಗಿ ಕಳೆಯಬೇಕು. 300 ಮಿಲಿಆಂಪಿಯರ್ ಎಳೆಯುವ ಪೆಟ್ಟಿಗೆಯಲ್ಲಿ 9ಕ್ಕೆ 1.2 ವ್ಯಾಟ್ ಇದ್ದದ್ದು 12ಕ್ಕೆ 2.1 ವ್ಯಾಟ್ ಆಗುತ್ತದೆ, ಆ ಪುಟ್ಟ ತಗಡಿಗೆ ಅದು ಜಾಸ್ತಿ.

ಕ್ಯಾಸೆಟ್ ಹಾಕದೆ ಕರೆಂಟ್ ಕೊಟ್ಟು, ನಡುಗಾಲಿಗೂ ಔಟ್‌ಪುಟ್ ಕಾಲಿಗೂ ನಡುವೆ ಅಳೆಯಿರಿ. 4.75ರಿಂದ 5.25 ವೋಲ್ಟ್ ಒಳಗಿದ್ದರೆ ಸರಿ. ಇಲ್ಲದಿದ್ದರೆ 7805 ಬದಲಿಸಿ, ಒಂದು ಕಾಫಿಯ ದುಡ್ಡೂ ಆಗದು. ಅದರ ಪಕ್ಕದ ದೊಡ್ಡ ಕೆಪಾಸಿಟರನ್ನೂ ಆಗಲೇ ಬದಲಿಸುವುದು ಒಳ್ಳೆಯದು. ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ 25 ಇರಲಿ, 105 ಡಿಗ್ರಿಯದು ಕೇಳಿ. ಪರದೆಯಲ್ಲಿ ಅಡ್ಡಪಟ್ಟಿಗಳು ಮೇಲೆ ಕೆಳಗೆ ಉರುಳುತ್ತಿದ್ದರೆ, ಸದ್ದಿನಲ್ಲಿ ದುಂಬಿ ಗುಂಯ್‌ಗುಟ್ಟಿದರೆ ತಪ್ಪಿತಸ್ಥ ಅದೇ. ಬೋರ್ಡಿನ ಮೇಲೆ ಕರಿಯ ಮೇಣದ ಬೊಟ್ಟಿನಂಥದ್ದು ಕಾಣುತ್ತದಲ್ಲ, ಅದರಡಿ ಇರುವುದೇ ಮುಖ್ಯ ಚಿಪ್. ಅದು ಸತ್ತಿದ್ದರೆ ರಿಪೇರಿ ಇಲ್ಲ.

ಮಲೆನಾಡಿನ ಮಳೆಗಾಲಗಳನ್ನು ಅಟ್ಟದಲ್ಲಿ ಕಳೆದ ಕ್ಯಾಸೆಟ್ ಒಂದೇ ಸಲಕ್ಕೆ ಓಡೀತೆಂದು ನಿರೀಕ್ಷಿಸಬೇಡಿ. ಉಫ್ ಎಂದು ಊದುವುದು ಆಗಲೂ ತಪ್ಪು, ಈಗಲೂ ತಪ್ಪು. ಉಗುಳಿನ ತೇವಕ್ಕೆ ತಾಮ್ರ ಹಸಿರುಗಟ್ಟುತ್ತದೆ. ಊದಿದಾಗ ಓಡಿದ್ದು ತೆಗೆದು ಹಾಕಿದ್ದರಿಂದಲೇ ಹೊರತು ಊದಿದ್ದರಿಂದಲ್ಲ. ಶೇಕಡ 99ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕಿವಿಕಡ್ಡಿ ಅದ್ದಿ, 60 ಪಿನ್ನುಗಳನ್ನೂ ಎರಡೂ ಬದಿಯಿಂದ ಉದ್ದುದ್ದಕ್ಕೆ ಉಜ್ಜಿ. ಸ್ಯಾನಿಟೈಸರ್ ಬೇಡ, ಅದರ ಗ್ಲಿಸರಿನ್ ಅಂಟಿಕೊಳ್ಳುತ್ತದೆ. ರಬ್ಬರ್ ಕೊನೆಯ ಉಪಾಯ, ಉಜ್ಜಿದ ಪುಡಿ ಸ್ಲಾಟಿಗೆ ಹೋಗದಂತೆ ಒರೆಸಿ. ಸ್ಲಾಟಿನೊಳಕ್ಕೆ ಆಲ್ಕೊಹಾಲ್ ಸವರಿದ ತೆಳು ಬಟ್ಟೆಯನ್ನು ಕಾರ್ಡಿಗೆ ಸುತ್ತಿ ನಾಲ್ಕು ಸಲ ಆಡಿಸಿ. ದಪ್ಪಗೆ ಸುತ್ತಿದರೆ ಪಿನ್ನುಗಳು ಅಗಲಿ ಹಿಡಿತ ಹೋಗುತ್ತದೆ.

ಆಮೇಲೂ ಪರದೆ ಒಂದೇ ಬಣ್ಣದಲ್ಲಿ ನಿಂತಿದ್ದರೆ ಪ್ರೊಸೆಸರಿಗೆ ಆಟದ ಪ್ರೋಗ್ರಾಂ ತಲುಪುತ್ತಿಲ್ಲ. ಹಾಡು ಬರುತ್ತದೆ, ಆಟವೂ ನಡೆಯುತ್ತದೆ, ಆದರೆ ಮಾರಿಯೊ ಬದಲು ಅಕ್ಷರಗಳ ಚಿಂದಿ ಓಡಾಡುತ್ತದೆ ಎಂದರೆ ಚಿತ್ರದ ಸಾಲಿನ ಪಿನ್ನು ಕೊಳೆಯಾಗಿದೆ. ಪ್ರೋಗ್ರಾಮಿಗೂ ಚಿತ್ರಕ್ಕೂ ಕ್ಯಾಸೆಟ್ಟಿನಲ್ಲಿ ಬೇರೆ ಬೇರೆ ದಾರಿ, ಅದಕ್ಕೇ ಈ ಎರಡು ಬಗೆ. ಪ್ಯಾಡಿನ ಗುಂಡಿಗಳು ಸ್ಪಂದಿಸದಿದ್ದರೆ ಒಳಗಿನ ರಬ್ಬರಿನ ಕರಿಚುಕ್ಕಿಯನ್ನೂ ಅದು ತಾಗುವ ಜಾಗವನ್ನೂ ಒರೆಸಿ. ಇಡೀ ಪ್ಯಾಡೇ ಸತ್ತಂತಿದ್ದರೆ ತಂತಿ ಹೊರಬರುವ ಕುತ್ತಿಗೆಯಲ್ಲಿ ಐದು ಎಳೆಗಳಲ್ಲೊಂದು ತುಂಡಾಗಿರುತ್ತದೆ.

ಟಿವಿಗೆ ಜೋಡಿಸಲು ಪೆಟ್ಟಿಗೆಯಲ್ಲಿ ಹಳದಿ, ಬಿಳಿ ಸಾಕೆಟ್ ಇದ್ದರೆ ಅದನ್ನೇ ಬಳಸಿ. ಹೊಸ ಟಿವಿಯಲ್ಲಿ ಎವಿ ಇನ್ ಎಂಬ ಒಂದೇ ತೂತು ಇರಬಹುದು, ಅದಕ್ಕೆ ಮೂರು ಕವಲಿನ ತಂತಿ ಬೇಕು. ಆ ಪ್ಲಗ್ಗಿನ ವೈರಿಂಗ್ ಕಂಪನಿಗೊಂದು ಥರ. ಚಿತ್ರ ಬಾರದೆ ಬರೀ ಗರ್ ಎಂದರೆ ಪೆಟ್ಟಿಗೆಯ ಹಳದಿಯನ್ನು ಟಿವಿ ತಂತಿಯ ಕೆಂಪು, ಬಿಳಿ ಕವಲುಗಳಿಗೂ ಹಾಕಿ ನೋಡಿ. ಆಂಟೆನಾ ತಂತಿ ಮಾತ್ರ ಇರುವ ಪೆಟ್ಟಿಗೆಯಾದರೆ ಟಿವಿಯ ಅನಲಾಗ್ ಟ್ಯೂನಿಂಗ್ ಓಡಿಸಿ. ಚಿತ್ರ ಬಂದು ಸದ್ದು ಬಾರದಿದ್ದರೆ ಸೌಂಡ್ ಸಿಸ್ಟಮ್ಮನ್ನು ನಮ್ಮ ಬಿ/ಜಿಯಿಂದ ಡಿ/ಕೆ ಅಥವಾ ಐಗೆ ಬದಲಿಸಿ. ಚೀನಾಕ್ಕೆಂದು ಮಾಡಿದ ಪೆಟ್ಟಿಗೆಯಲ್ಲಿ ಧ್ವನಿ 5.5ರ ಬದಲು 6.5 ಮೆಗಾಹರ್ಟ್ಸ್ ದೂರದಲ್ಲಿ ಕೂತಿರುತ್ತದೆ.

ಇಷ್ಟೆಲ್ಲ ಆಗಿ ಚಿತ್ರ ಬಂದರೂ ಎಲ್‌ಇಡಿಯಲ್ಲಿ ಅದು ಸೊಗಸಾಗದು. ಪೆಟ್ಟಿಗೆ ಪ್ರತಿ ಸಲವೂ ಅದೇ ಗೆರೆಗಳ ಮೇಲೆ ಪೂರ್ತಿ ಚಿತ್ರ ಬಿಡಿಸುತ್ತದೆ. ಹೊಸ ಟಿವಿ ಅದನ್ನು ಅರ್ಧರ್ಧ ಚಿತ್ರವೆಂದು ತಪ್ಪು ತಿಳಿದು ಎರಡೆರಡನ್ನು ಹೆಣೆಯುತ್ತದೆ. ಪೆಟ್ಟು ತಿಂದು ಮಿನುಗುವ ಮಾರಿಯೊ ಕೆಲವು ಟಿವಿಗಳಲ್ಲಿ ಪೂರ್ತಿ ಮಾಯವಾಗುವುದು ಅದಕ್ಕೇ. ಹೆಣೆಯುವ ಹೊತ್ತು ಬೇರೆ: 100 ಮಿಲಿಸೆಕೆಂಡ್ ತಡವಾದರೆ ಐದು ಚಿತ್ರ ಹಿಂದೆ ಬಿದ್ದಂತೆ, ಹಳ್ಳಕ್ಕೆ ಬೀಳಲು ಅಷ್ಟು ಸಾಕು. ಅಗ್ಗದ ಎವಿ–ಎಚ್‌ಡಿಎಂಐ ಡಬ್ಬಿಗಳೂ ಇದೇ ತಪ್ಪು ಮಾಡುತ್ತವೆ. ಹಳೆಯ ಗೇಮ್ ಯಂತ್ರಗಳಿಗೆಂದೇ ಮಾಡಿದ ರೆಟ್ರೊಟಿಂಕ್‌ನಂಥ ಡಬ್ಬಿಗಳು ಮಾಡುವುದಿಲ್ಲ, ಆದರೆ ಅದರ ಬೆಲೆ ಪೆಟ್ಟಿಗೆಯದರ ಎಷ್ಟೋ ಪಟ್ಟು.

ಆದ್ದರಿಂದ ನಮ್ಮ ಅಭಿಪ್ರಾಯ ಇದು. ಮನೆಯಲ್ಲೋ ನೆಂಟರಲ್ಲೋ ಓಡುವ ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಇದ್ದರೆ ಪೆಟ್ಟಿಗೆ ರಿಪೇರಿ ಮಾಡಿ. 14 ಇಂಚಿನದಾದರೂ ಸರಿ. ಟಿವಿಯ ಹಿಂಬದಿ ಮಾತ್ರ ನೀವೇ ಬಿಚ್ಚಬೇಡಿ, ಬಂದ್ ಮಾಡಿದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ. ಟ್ಯೂಬ್ ಟಿವಿ ಇಲ್ಲವಾದರೆ ಡೆಂಡಿಗೆ ಇಟ್ಟ ಎಮ್ಯುಲೇಟರೇ, ಎಲ್‌ಇಡಿಗೆ ಸಿಕ್ಕಿಸಿದ ನಿಮ್ಮದೇ ಪೆಟ್ಟಿಗೆಗಿಂತ ನಿಮ್ಮ ನೆನಪಿಗೆ ಹತ್ತಿರ. ಎಮ್ಯುಲೇಟರ್ ಬಳಸುವುದರಲ್ಲಿ ಕಾನೂನಿನ ತೊಡಕಿಲ್ಲ, ಅಂತರ್ಜಾಲದಿಂದ ಇಳಿಸುವ ಆಟದ ಫೈಲುಗಳಿಗೆ ಮಾತ್ರ ಕೃತಿಸ್ವಾಮ್ಯ ಇದೆ. ನಿಮ್ಮ ನಾಲ್ಕು ಕ್ಯಾಸೆಟ್ಟುಗಳು ಅಂದು ಅಂಗಡಿಗೆ ಬಂದದ್ದೂ ಬಹುಶಃ ಯಾರನ್ನೂ ಕೇಳಿ ಅಲ್ಲ, ಅದು ಬೇರೆ ಮಾತು.

ಬಂದೂಕು ಎಲ್‌ಇಡಿಯಲ್ಲಿ ಕೆಲಸ ಮಾಡುವುದಿಲ್ಲ. ಬಾತುಕೋಳಿ ಬೇಟೆಯ ಆಟದಲ್ಲಿ ಬಂದೂಕಿನ ಕುದುರೆ ಒತ್ತಿದೊಡನೆ ಪರದೆ ಒಂದು ಕ್ಷಣ ಕಪ್ಪಾಗಿ ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ, ಬಂದೂಕು ನೋಡುವುದು ಆ ಬೆಳಕನ್ನು. ಎಲ್‌ಇಡಿಯಲ್ಲಿ ಚೌಕ ತಡವಾಗಿ ಬರುತ್ತದೆ, ಅಷ್ಟರಲ್ಲಿ ಆಟ ಗುರಿ ತಪ್ಪಿತೆಂದು ತೀರ್ಮಾನಿಸಿರುತ್ತದೆ.

ಪೆಟ್ಟಿಗೆ ಜೀವ ಪಡೆದರೆ ಮೊದಲು ಸ್ಟಾಪ್‌ವಾಚ್ ಹಿಡಿಯಿರಿ. 48ರ ಬದಲು 40 ಸೆಕೆಂಡ್ ಬಂದರೆ ಬೋರ್ಡಿನ ಕ್ರಿಸ್ಟಲ್ ಮೇಲಿನ ಅಂಕಿ ಓದಿ ಬರೆಯಿರಿ. 21.477 ಎಂದಿದ್ದರೆ ಅದು ಎನ್‌ಟಿಎಸ್‌ಸಿ ಪೆಟ್ಟಿಗೆ, ನೀವು ಬಾಲ್ಯದಲ್ಲಿ ಆಡಿದ್ದು ಬೇರೆ ಯಾರ ಮನೆಯದನ್ನೋ ಇರಬೇಕು.