ಕೊನೇ ಪುಟದಲ್ಲಿ ಮಾತ್ರ ಬರುವ ಕಾಯಿಲೆ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದವರಿಗಾಗಿ ನಿಮ್ಮ ಪತ್ರದಲ್ಲಿ ಏನಿದೆ ಎಂದು ಹೇಳಿಬಿಡುತ್ತೇನೆ. ನಿಮಗೆ ಗೀಳು ಕಾಯಿಲೆ, ಅಂದರೆ ಓಸಿಡಿ ಇದೆ. ದೆವ್ವದ ಕಥೆ ಅಂದರೆ ನಿಮಗೆ ಪ್ರಾಣ. ಆದರೆ ಉದ್ದಕ್ಕೂ ಹೆದರಿಸಿ, ಕೊನೆಗೆ 'ಪಾಪ, ಅವಳಿಗೆ ತಲೆ ಸರಿ ಇರಲಿಲ್ಲ' ಎಂದು ಮುಗಿಸುವ ಕಥೆಗಳಿಂದ ನಿಮಗೆ ಸಾಕಾಗಿದೆ. ಪತ್ರಿಕೆಗಳು ಇಂಥವನ್ನು ನಿಲ್ಲಿಸಬಾರದೇ ಎಂದು ಕೇಳಿದ್ದೀರಿ. ಜೊತೆಗೆ, ಇದೇ ಕಾಯಿಲೆ ಇರುವವಳ ಬಗ್ಗೆ ನಾನೊಂದು ದೆವ್ವದ ಕಥೆ ಬರೆಯಲೇ ಎಂದೂ ಕೇಳಿದ್ದೀರಿ.

ಕಾಯಿಲೆಯ ವಿಷಯ ಕಥೆಯಲ್ಲಿ ಇರಲಿ, ಆ ಮುಕ್ತಾಯ ಬೇಡ. ಇದು ನನ್ನ ಖಚಿತ ಅಭಿಪ್ರಾಯ.

ಅಂಥ ಮುಕ್ತಾಯದಲ್ಲಿ ಕಾಯಿಲೆ ಬರುವುದೇ ಕಥೆಗಾರನನ್ನು ಪಾರು ಮಾಡುವುದಕ್ಕೆ. ಬಾಗಿಲು ತಾನಾಗೇ ತೆರೆದದ್ದು ಹೇಗೆ, ಮಹಡಿ ಮೇಲೆ ಓಡಾಡಿದ್ದು ಯಾರು, ಯಾವುದಕ್ಕೂ ಅವನ ಹತ್ತಿರ ಉತ್ತರ ಇರುವುದಿಲ್ಲ. ಹುಚ್ಚು ಅಂದುಬಿಟ್ಟರೆ ಎಲ್ಲಾ ಒಟ್ಟಿಗೆ ಬಗೆಹರಿಯುತ್ತದೆ. ಅಲ್ಲಿಯವರೆಗೆ ನಮ್ಮ ಜೊತೆಗಿದ್ದ ಹೆಂಗಸು ಬರೀ ಒಂದು ಕಾರಣವಾಗಿ ಉಳಿಯುತ್ತಾಳೆ. ಅವಳ ಕೈಗೆ ಚಾಕು ಬೇರೆ ಕೊಟ್ಟರಂತೂ ಕೇಳುವುದೇ ಬೇಡ. ಮಾನಸಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಮಾಡುವವರಲ್ಲ. ಬೇರೆಯವರ ಕೈಯಲ್ಲಿ ಪೆಟ್ಟು ತಿನ್ನುವ ಅಪಾಯವೇ ಅವರಿಗೆ ಜಾಸ್ತಿ.

ಹಾಗಾದರೆ ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ ಬರೆದದ್ದೂ ತಪ್ಪೇ ಅನ್ನಬಹುದು. 1843ರ 'ದಿ ಟೆಲ್-ಟೇಲ್ ಹಾರ್ಟ್' ಕಥೆಯಲ್ಲಿ ಮುದುಕನ ಕಣ್ಣೊಂದು ತಲೆಗೆ ಹೊಕ್ಕು, ಅದಕ್ಕಾಗಿಯೇ ಒಬ್ಬ ಕೊಲೆ ಮಾಡುತ್ತಾನೆ. ಆದರೆ ತನಗೆ ಹುಚ್ಚಿಲ್ಲ ಎಂದು ಅವನು ಮೊದಲ ಸಾಲಿನಿಂದಲೇ ವಾದಕ್ಕೆ ನಿಲ್ಲುತ್ತಾನೆ. ಏನನ್ನೂ ಕೊನೆಗೆಂದು ಬಚ್ಚಿಟ್ಟಿಲ್ಲ. ನಾವು ಅವನ ತಲೆಯೊಳಗೇ ಕೂತು ಆ ಗುಂಡಿಗೆ ಬಡಿತ ಕೇಳಬೇಕು.

ಅಮೆರಿಕದ ಲೇಖಕಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಇನ್ನೂ ಮುಂದೆ ಹೋದರು. ಹೆರಿಗೆಯ ನಂತರ ಖಿನ್ನತೆಯಿಂದ ನರಳುತ್ತಿದ್ದ ಅವರನ್ನು 1887ರಲ್ಲಿ ಸೈಲಸ್ ವಿಯರ್ ಮಿಚೆಲ್ ಎಂಬ ಹೆಸರಾಂತ ವೈದ್ಯರು ನೋಡಿದರು. ಅವರು ಹೇಳಿದ್ದಿಷ್ಟು: ಪೂರ್ತಿ ವಿಶ್ರಾಂತಿ, ಓದು ಚರ್ಚೆ ದಿನಕ್ಕೆ ಎರಡೇ ಗಂಟೆ, ಬದುಕಿರುವ ತನಕ ಪೆನ್ನು ಮುಟ್ಟಬಾರದು. ಇದೇ ಚಿಕಿತ್ಸೆ ತನ್ನನ್ನು ಹುಚ್ಚಿನ ಅಂಚಿಗೆ ತಂದಿತು ಎಂದು ಗಿಲ್ಮನ್ 1913ರಲ್ಲಿ ಬರೆದಿದ್ದಾರೆ. 1892ರಲ್ಲಿ ಅಚ್ಚಾದ 'ದಿ ಯೆಲ್ಲೋ ವಾಲ್‌ಪೇಪರ್' ಹುಟ್ಟಿದ್ದು ಅಲ್ಲಿಂದ. ಗೋಡೆಯ ಹಳದಿ ಕಾಗದದ ಚಿತ್ತಾರದ ಹಿಂದೆ ಒಬ್ಬ ಹೆಂಗಸು ಸಿಕ್ಕಿಕೊಂಡಿದ್ದಾಳೆ ಎಂದು ನಾಯಕಿಗೆ ಕಾಣುತ್ತದೆ. ಅವಳಿಗೆ ಹುಷಾರಿಲ್ಲ ಎಂಬುದು ನಮಗೆ ಶುರುವಿನಲ್ಲೇ ಗೊತ್ತು. ಹೆದರಿಕೆಯಾಗುವುದು ಬೇರೆ ಕಾರಣಕ್ಕೆ: ವೈದ್ಯನಾದ ಗಂಡ ಅವಳನ್ನು ಪ್ರೀತಿಸುತ್ತಾನೆ, ಅವಳ ಒಂದು ಮಾತನ್ನೂ ನಂಬುವುದಿಲ್ಲ.

ಫ್ರೆಂಚ್ ಕಥೆಗಾರ ಮೊಪಾಸಾನ 'ಓರ್ಲಾ' ಕಥೆಗೆ ಎರಡು ರೂಪಗಳಿವೆ. 1887ರ ದಿನಚರಿ ರೂಪವೇ ಜಾಸ್ತಿ ಹೆಸರಾದದ್ದು. 1886ರ ಮೊದಲ ರೂಪದಲ್ಲಿ ಒಬ್ಬ ವೈದ್ಯ ರೋಗಿಯನ್ನು ತನ್ನ ಸಹೋದ್ಯೋಗಿಗಳ ಮುಂದೆ ಕೂರಿಸುತ್ತಾನೆ. ಕಣ್ಣಿಗೆ ಕಾಣದ ಜೀವಿಯೊಂದು ತನ್ನ ಮೇಲೆ ಹಿಡಿತ ಸಾಧಿಸಿದೆ ಎಂದು ಆತ ಎಲ್ಲ ಹೇಳಿ ಮುಗಿಸುತ್ತಾನೆ. ಇವನಿಗೆ ಹುಚ್ಚೋ, ನಮ್ಮಿಬ್ಬರಿಗೂ ಹುಚ್ಚೋ, ಇಲ್ಲಾ ಮನುಷ್ಯನ ಜಾಗಕ್ಕೆ ಬರಬೇಕಾದವನು ನಿಜವಾಗಿ ಬಂದೇಬಿಟ್ಟನೋ ಗೊತ್ತಿಲ್ಲ ಎನ್ನುತ್ತಾನೆ ವೈದ್ಯ. ತೀರ್ಪು ಕೊಡಬೇಕಾದವನೇ ಕೊಡಲಿಲ್ಲ ನೋಡಿ.

ಇನ್ನು ನಿಮ್ಮ ಕಥೆ. ಖಂಡಿತ ಬರೆಯಿರಿ. ನಿಮಗೆ ಗೊತ್ತಿರುವ ಒಂದು ವಿಷಯ ಬಹಳ ಕಥೆಗಾರರಿಗೆ ಗೊತ್ತಿಲ್ಲ. ಗೀಳು ಮತ್ತು ಭ್ರಮೆ ಎರಡನ್ನೂ ಅವರು ಒಂದೇ ಎಂದುಕೊಂಡಿದ್ದಾರೆ. ಭ್ರಮೆಯಲ್ಲಿರುವವರಿಗೆ ಸಾಮಾನ್ಯವಾಗಿ ಅನುಮಾನವೇ ಇರುವುದಿಲ್ಲ. ಗೀಳಿನಲ್ಲಿ ಇರುವುದೆಲ್ಲ ಅನುಮಾನವೇ. ಬೀಗ ಹಾಕಿದ್ದನ್ನು ಕಣ್ಣು ನೋಡಿದೆ, ಕೈ ಮುಟ್ಟಿದೆ. ಆದರೂ ಹಾಕಿದೆನಾ ಎಂಬ ಪ್ರಶ್ನೆ ಬಿಡುವುದಿಲ್ಲ. ಇದು ಅತಿಯಾಯಿತು ಎಂದು ಹೆಚ್ಚಿನವರಿಗೆ ಗೊತ್ತಿರುತ್ತದೆ, ನಿಲ್ಲಿಸಲು ಮಾತ್ರ ಆಗುವುದಿಲ್ಲ. ಮತ್ತೊಮ್ಮೆ ನೋಡಿ ಬಂದರೆ ಸ್ವಲ್ಪ ಹೊತ್ತು ನೆಮ್ಮದಿ, ಆಮೇಲೆ ಮತ್ತೆ ಅದೇ. ತನ್ನ ಮಗುವಿಗೆ ತಾನೇ ಏನಾದರೂ ಮಾಡಿಬಿಟ್ಟರೆ ಎಂಬ ಯೋಚನೆ ನುಗ್ಗಿ ತಾಯಿ ಬೆವರುವುದೂ ಇದೆ. ಅದು ಅವಳ ಆಸೆಯಲ್ಲ, ಅವಳಿಗೆ ಅತಿ ಹೆಚ್ಚು ಭಯ ಇರುವುದೇ ಅದರ ಬಗ್ಗೆ. ಇಂಥ ಮನೆಗೆ ನಿಜವಾಗಿಯೂ ದೆವ್ವ ಬಂದರೆ ಅವಳು ತನ್ನ ಕಣ್ಣನ್ನೇ ನಂಬಲಾರಳು, ಅಲ್ವಾ? ಅಲ್ಲಿದೆ ನಿಮ್ಮ ಕಥೆ.

ಒಂದು ಕಡೆ ಎಚ್ಚರ ಬೇಕು. ನಾಯಕಿ ಇಷ್ಟು ಸಲ ಬಾಗಿಲು ಮುಟ್ಟಿದರೆ ದೆವ್ವ ಒಳಗೆ ಬರುವುದಿಲ್ಲ ಎಂದು ಕಥೆ ಹೊಸೆಯುವುದು ಸುಲಭ. ಓದುವುದಕ್ಕೂ ಮಜಾ. ಆದರೆ ಕಾಯಿಲೆ ದಿನಾ ಹೇಳುವ ಸುಳ್ಳೂ ಅದೇ. ಆ ಮುಟ್ಟುವಿಕೆ ಮಾಡದೆ ಭಯದ ಎದುರು ನಿಲ್ಲುವುದನ್ನು ಕಲಿಸುವ ಚಿಕಿತ್ಸೆಯಿಂದ ಎಷ್ಟೋ ಜನ ಸುಧಾರಿಸಿದ್ದಾರೆ. ಹಾಗಾಗಿ ನಾಯಕಿ ಎಣಿಸಲಿ, ಮುಟ್ಟಲಿ. ಅದರಿಂದಲೇ ದೆವ್ವ ನಿಂತಿತು ಎಂದು ಕಥೆಯೇ ಸಾಕ್ಷಿ ಹೇಳುವುದು ಬೇಡ. ಬರೆಯುತ್ತಾ ನಿಮ್ಮ ಕಾಟ ಜಾಸ್ತಿಯಾದರೆ ಕಥೆ ಪಕ್ಕಕ್ಕಿಡಿ, ನಿಮ್ಮ ವೈದ್ಯರಿಗೆ ತಿಳಿಸಿ. ನಮಗೆ ಅವಸರ ಇಲ್ಲ.

ಮುಗಿದ ಮೇಲೆ ನನ್ನ ಹೆಸರಿಗೇ ಕಳಿಸಿ. ಎಲ್ಲವನ್ನೂ ವಿವರಿಸುವ ಕೊನೆಯ ಪ್ಯಾರಾ ಏನಾದರೂ ಇದ್ದರೆ, ಅದನ್ನು ತೆಗೆದು ಕಳಿಸಿ.

– ಸಂಪಾದಕ