ಮೊದಲು ಶೋರೀಲ್, ಆಮೇಲೆ ರಾಜೀನಾಮೆ

ಅಕೌಂಟ್ಸ್ ಕೆಲಸದ ಆಫರ್ ಕೈಯಲ್ಲಿದೆ, ಮನಸ್ಸು ಮಾತ್ರ ಅನಿಮೇಶನ್ ಕಡೆ ಎಳೀತಿದೆ, ಯಾವುದನ್ನ ಬಿಡಲಿ ಅಂತ ಕೇಳಿದ್ದೀರಿ. ಒಂದು ವಿಷಯ ಮಾತ್ರ ನೀವು ಹೇಳಿಲ್ಲ: ನಿಮ್ಮ ಹತ್ತಿರ ಶೋರೀಲ್, ಅಂದ್ರೆ ನೀವು ಮಾಡಿದ ಅನಿಮೇಶನ್‌ನ ಆಯ್ದ ತುಣುಕುಗಳ ಚಿಕ್ಕ ವಿಡಿಯೋ, ಇದೆಯಾ? ಸ್ಟುಡಿಯೋಗಳು ಮೊದಲು ನೋಡೋದು ಅದನ್ನೇ, ಅಂಕಪಟ್ಟಿಯನ್ನಲ್ಲ. ಒಂದೆರಡು ನಿಮಿಷದ್ದು ಸಾಕು, ಆದರೆ ಒಳ್ಳೇ ಶಾಟ್ ಮೊದಲಿಗೇ ಇರಲಿ. ಕೊನೆಗಿಟ್ಟರೆ ಅಲ್ಲೀತನಕ ಯಾರೂ ನೋಡಲ್ಲ. ರೀಲೇ ಇಲ್ಲ ಅಂದ್ರೆ ಸದ್ಯಕ್ಕೆ ನಿಮ್ಮ ಮುಂದೆ ಎರಡು ದಾರಿ ಇಲ್ಲ, ಆಫರ್ ಒಪ್ಕೊಳ್ಳಿ.

ಸಹಿ ಹಾಕೋ ಮುಂಚೆ ಕರಾರು ಪೂರ್ತಿ ಓದಿ. ಬಾಂಡ್ ಎಷ್ಟು ವರ್ಷ, ನೋಟಿಸ್ ಅವಧಿ ಎಷ್ಟು, ಬಿಡುವಿನಲ್ಲಿ ನೀವು ಮಾಡಿದ ಕೆಲಸದ ಮೇಲೂ ಕಂಪನಿ ಹಕ್ಕು ಹೇಳುತ್ತಾ ಅಂತ ನೋಡಿ. ಆಮೇಲೆ ಸಂಜೆ ಹೊತ್ತು ಬ್ಲೆಂಡರ್ ಅನ್ನೋ ಅನಿಮೇಶನ್ ಸಾಫ್ಟ್‌ವೇರ್ ತೆರೆದು ಕೂತ್ಕೊಳ್ಳಿ, ಅದು ಉಚಿತ. ಪಾತ್ರದ ನಡಿಗೆ, ಭಾರ ಎತ್ತೋದು, ಮುಖಭಾವ, ಇಷ್ಟನ್ನೇ ತಿದ್ದಿ ತೀಡಿ. (ನಡಿಗೆ ಸುಲಭ ಅಂದ್ಕೋಬೇಡಿ, ನನ್ನ ಮೊದಲ ಪಾತ್ರ ನಡೆದಿದ್ದಕ್ಕಿಂತ ಜಾರಿದ್ದೇ ಹೆಚ್ಚು.)

ಅಂದಹಾಗೆ ಈ ಕ್ಷೇತ್ರದಲ್ಲಿ ಪ್ರಾಜೆಕ್ಟ್ ಮುಗಿದಾಗ ಕೆಲಸವೂ ಮುಗಿಯೋದುಂಟು. ಆರು ತಿಂಗಳ ಖರ್ಚು ಕೂಡಿಟ್ಟ ಮೇಲೇ ಅಕೌಂಟ್ಸ್ ಕೆಲಸ ಬಿಡೋ ಯೋಚನೆ ಮಾಡಿ. ರೀಲ್ ಈಗಾಗಲೇ ಇದ್ರೆ ಲಿಂಕ್ ಹಾಕಿ, ನೋಡಿ ಹೇಳ್ತೀನಿ.