ಪಿತ್ತಕೋಶ ತೆಗೆಸಿದ್ದಾಯ್ತು, ಇನ್ನು ಊಟ ಹೇಗೆ?

ಪಿತ್ತಕೋಶದ ಆಪರೇಷನ್ ಆದವರ ಪ್ರಶ್ನೆಗಳು ಸಾಕಷ್ಟು ಸೇರಿದ್ದವು. ಅವುಗಳಲ್ಲಿ ನಾಲ್ಕನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ನಾನು ಆಹಾರ ತಜ್ಞೆ. ಊಟಕ್ಕೆ ಸಂಬಂಧಪಟ್ಟಿದ್ದನ್ನು ವಿವರವಾಗಿ ಹೇಳುತ್ತೇನೆ. ಡಾಕ್ಟರ್ ಹತ್ತಿರ ಹೋಗಲೇಬೇಕಾದ ಕಡೆ ಅದನ್ನೂ ಹೇಳುತ್ತೇನೆ.

ಪ್ರಶ್ನೆ: ಮೇಡಂ, ನನಗೆ 44 ವರ್ಷ. ಕಲ್ಲುಗಳಿದ್ದವು ಅಂತ ಹನ್ನೆರಡು ದಿನದ ಹಿಂದೆ ಲ್ಯಾಪರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರು. ಮನೆಗೆ ಕಳಿಸುವಾಗ ‘ಜಿಡ್ಡು ತಿನ್ನಬೇಡಿ’ ಎಂದಷ್ಟೇ ಹೇಳಿದರು. ಅವತ್ತಿನಿಂದ ಮೆತ್ತಗಿನ ಅನ್ನ, ಬೇಯಿಸಿದ ತರಕಾರಿ ಬಿಟ್ಟು ಬೇರೇನೂ ತಿಂದಿಲ್ಲ. ಒಂದು ಹನಿ ಎಣ್ಣೆ ಕೂಡ ಇಲ್ಲ. ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತದೆ. ಜೀವನಪೂರ್ತಿ ಹೀಗೇ ಇರಬೇಕಾ?

ಉತ್ತರ: ಇಲ್ಲ, ಖಂಡಿತ ಇಲ್ಲ. ನಿಮ್ಮ ಸುಸ್ತಿಗೆ ಈ ಪಥ್ಯವೂ ಒಂದು ಕಾರಣ ಇರಬಹುದು. ಗಾಯ ಮಾಯುತ್ತಿರುವ ಸಮಯದಲ್ಲಿ ದೇಹಕ್ಕೆ ಪ್ರೋಟೀನ್ ಬೇಕು. ನಿಮ್ಮ ತಟ್ಟೆಯಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಪಿತ್ತಕೋಶ ಹೋಯಿತು ಅಂದರೆ ಪಿತ್ತರಸವೇ ಹೋಯಿತು ಎಂದುಕೊಳ್ಳುವವರು ಜಾಸ್ತಿ. ಹಾಗಲ್ಲ. ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ, ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರ್. ಅದು ಈಗಲೂ ತಯಾರಾಗುತ್ತಲೇ ಇದೆ. ಪಿತ್ತಕೋಶ ಅದನ್ನು ಕೂಡಿಡುವ ಚಿಕ್ಕ ಚೀಲ ಅಷ್ಟೇ. ಅದರಲ್ಲಿ ಹಿಡಿಯುವುದು 30ರಿಂದ 50 ಮಿಲಿಲೀಟರ್. ನೀರಿನಂಶ ಹೀರಿ ಅದನ್ನು ಗಟ್ಟಿ ಮಾಡಿ ಇಟ್ಟುಕೊಂಡಿರುತ್ತಿತ್ತು. ಜಿಡ್ಡಿನ ಊಟ ಸಣ್ಣ ಕರುಳಿಗೆ ಇಳಿದ ಕೂಡಲೇ ಒಂದು ಹಾರ್ಮೋನ್ ಸುದ್ದಿ ಮುಟ್ಟಿಸುತ್ತಿತ್ತು. ಚೀಲ ಹಿಂಡಿಕೊಂಡು ಪಿತ್ತರಸವನ್ನು ಒಂದೇ ಸಲಕ್ಕೆ ಸುರಿಯುತ್ತಿತ್ತು.

ಪಾತ್ರೆಯ ಜಿಡ್ಡಿಗೆ ಸೋಪು ಹೇಗೋ ಊಟದ ಜಿಡ್ಡಿಗೆ ಪಿತ್ತರಸ ಹಾಗೆ. ಮೊದಲು ಬಕೆಟ್ಟಿನಲ್ಲಿ ಸೋಪುನೀರು ತುಂಬಿಟ್ಟುಕೊಂಡು ಬೇಕಾದಾಗ ಸುರಿಯುತ್ತಿದ್ದಿರಿ. ಈಗ ಬಕೆಟ್ಟಿಲ್ಲ. ಸೋಪುನೀರು ನಲ್ಲಿಯಿಂದ ಹನಿಹನಿಯಾಗಿ ದಿನವಿಡೀ ಬೀಳುತ್ತಿದೆ. ಅದರಲ್ಲಿ ಒಂದು ಲೋಟ ತೊಳೆಯಬಹುದು, ಆಮೇಲೆ ಇನ್ನೊಂದು ಲೋಟ ತೊಳೆಯಬಹುದು. ಕರಿದ ಬಾಣಲೆಯನ್ನು ಒಂದೇ ಸಲಕ್ಕೆ ತೊಳೆಯೋದು ಕಷ್ಟ. ಹಾಗಾಗಿ ‘ಜಿಡ್ಡು ತಿನ್ನಬೇಡಿ’ ಎನ್ನುವ ಮಾತನ್ನು ‘ಒಂದೇ ಹೊತ್ತಿಗೆ ಜಾಸ್ತಿ ಜಿಡ್ಡು ತಿನ್ನಬೇಡಿ’ ಎಂದು ತಿದ್ದಿಕೊಳ್ಳಿ.

ಕುದುರೆಗೆ ಹುಟ್ಟಿನಿಂದಲೇ ಪಿತ್ತಕೋಶ ಇಲ್ಲ. ಅದು ದಿನವಿಡೀ ಸ್ವಲ್ಪ ಸ್ವಲ್ಪ ಮೇಯುತ್ತಿರುತ್ತದೆ, ಅದರ ಲಿವರ್ ಸ್ವಲ್ಪ ಸ್ವಲ್ಪ ಪಿತ್ತರಸ ಬಿಡುತ್ತಿರುತ್ತದೆ. ಮನುಷ್ಯರೂ ಪಿತ್ತಕೋಶ ಇಲ್ಲದೆ ಬದುಕಲು ಶುರುಮಾಡಿ ತುಂಬ ಕಾಲವಾಯಿತು. ಬರ್ಲಿನ್‌ನ ಸರ್ಜನ್ ಕಾರ್ಲ್ ಲಾಂಗೆನ್‌ಬುಖ್ ಮೊದಲ ಸಲ ಅದನ್ನು ತೆಗೆದದ್ದು 1882ರಲ್ಲಿ. ನಿಮ್ಮ ಹೆದರಿಕೆ ಸ್ವಲ್ಪವಾದರೂ ಇಳಿಯಲಿ ಅಂತ ಇದನ್ನು ಹೇಳಿದೆ.

ಈಗ ತಟ್ಟೆಯ ವಿಷಯ. ಮೊದಲ ಎರಡು ಮೂರು ದಿನದ ನೀರು, ತಿಳಿ ಸೂಪು, ಮೆತ್ತಗಿನ ಊಟದ ಹಂತವನ್ನು ನೀವು ದಾಟಿಯಾಗಿದೆ. ಇವತ್ತಿನಿಂದಲೇ ಪ್ರೋಟೀನ್ ಸೇರಿಸಿ. ಚೆನ್ನಾಗಿ ಬೆಂದ ಬೇಳೆ, ಕೆನೆ ತೆಗೆದ ಹಾಲಿನ ಮೊಸರು, ಮೊಟ್ಟೆಯ ಬಿಳಿಭಾಗ ಆಗಬಹುದು. ಮಾಂಸ ತಿನ್ನುವವರಾದರೆ ಚರ್ಮ ತೆಗೆದ ಕೋಳಿ, ಬೇಯಿಸಿದ ಮೀನು ಒಳ್ಳೆಯದು. ಮೂರು ದೊಡ್ಡ ಊಟದ ಬದಲು ಐದು ಚಿಕ್ಕ ಊಟ ಮಾಡಿ. ರಾತ್ರಿಯ ಊಟ ಹಗುರವಾಗಿರಲಿ, ಉಂಡ ತಕ್ಷಣ ಮಲಗಬೇಡಿ.

ಎಣ್ಣೆಯನ್ನು ಪೂರ್ತಿ ಬಿಡಬೇಡಿ. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಬೇಕಾದರೆ ಊಟದಲ್ಲಿ ಸ್ವಲ್ಪ ಕೊಬ್ಬು ಇರಲೇಬೇಕು. ಒಂದು ಕೆಲಸ ಮಾಡಿ. ಅಡುಗೆಗೆ ದಿನಾ ಹೇಗೆ ಎಣ್ಣೆ ಸುರಿಯುತ್ತಿದ್ದಿರೋ ಹಾಗೇ ಒಂದು ಖಾಲಿ ಬಟ್ಟಲಿಗೆ ಸುರಿಯಿರಿ. ಆಮೇಲೆ ಅದನ್ನು ಟೀ ಚಮಚದಲ್ಲಿ ಅಳೆದು ಬಾಟಲಿಗೆ ವಾಪಸ್ ಹಾಕಿ. ಒಂದು ಚಮಚ ಹಾಕುತ್ತಿದ್ದೇನೆ ಎಂದುಕೊಂಡಿದ್ದವರು ಐದು ಎಣಿಸಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಂದು ಟೀ ಚಮಚ ಎಣ್ಣೆ ಅಂದರೆ ನಾಲ್ಕೂವರೆ ಗ್ರಾಂ ಕೊಬ್ಬು. ಇನ್ನು ಎರಡು ವಾರ ಒಂದು ಊಟಕ್ಕೆ, ಒಬ್ಬರಿಗೆ ಒಂದೇ ಟೀ ಚಮಚ ಇಟ್ಟುಕೊಳ್ಳಿ. ಬಾಟಲಿ ಪಕ್ಕದಲ್ಲೇ ಚಮಚವೂ ಇರಲಿ.

ಕಣ್ಣಿಗೆ ಕಾಣದ ಕೊಬ್ಬೂ ಇರುತ್ತದೆ. ಕೆನೆ ಇರುವ ಒಂದು ಲೋಟ ಹಾಲಿನಲ್ಲಿ ಸುಮಾರು 8 ಗ್ರಾಂ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 5. ಒಂದು ಹಿಡಿ ಬಾದಾಮಿಯಲ್ಲಿ ಹತ್ತಿರ ಹತ್ತಿರ 15. ಬಾದಾಮಿ ಒಳ್ಳೆಯದೇ, ಆದರೆ ಸದ್ಯಕ್ಕೆ ಹಿಡಿಗಟ್ಟಲೆ ಬೇಡ. ನಾಲ್ಕೈದು ಕಾಳು ಸಾಕು. ಪ್ಯಾಕೆಟ್ ತಿಂಡಿ ಕೊಳ್ಳುವಾಗ ಹಿಂದಿನ ಪಟ್ಟಿ ಓದಿ. ಒಂದು ಸಲ ತಿನ್ನುವ ಪ್ರಮಾಣದಲ್ಲಿ 3 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಕೊಬ್ಬಿದ್ದರೆ ಅದು ಕಡಿಮೆ ಜಿಡ್ಡಿನದು.

ಇಡೀ ಮೊಟ್ಟೆ, ಮಾಮೂಲಿ ಹಾಲು, ಬೆಣ್ಣೆ, ಮಸಾಲೆ, ಇವೆಲ್ಲ ಒಂದೊಂದಾಗಿ ವಾಪಸ್ ಬರಲಿ. ಎರಡು ಮೂರು ದಿನಕ್ಕೆ ಒಂದೇ ಹೊಸ ಪದಾರ್ಥ. ಸೋಮವಾರ ಅರ್ಧ ಮೊಟ್ಟೆ ತಿಂದು ನೋಡಿ. ಹೊಟ್ಟೆ ಸುಮ್ಮನಿದ್ದರೆ ಗುರುವಾರ ಒಂದು ಪೂರ್ತಿ ಮೊಟ್ಟೆ. ತೊಂದರೆ ಕೊಟ್ಟರೆ ಅದನ್ನು ಶಾಶ್ವತವಾಗಿ ಬಿಡಬೇಕಿಲ್ಲ. ಹದಿನೈದು ದಿನ ಬಿಟ್ಟು ಇನ್ನೂ ಚಿಕ್ಕ ಪ್ರಮಾಣದಲ್ಲಿ ಮತ್ತೆ ನೋಡಿ. ಹೆಚ್ಚಿನವರು ಒಂದೆರಡು ತಿಂಗಳಲ್ಲಿ ಮನೆಯವರೆಲ್ಲ ತಿನ್ನುವ ಊಟಕ್ಕೇ ಮರಳುತ್ತಾರೆ. ಕರಿದದ್ದು ಮಾತ್ರ ಕೊನೆಗೆ ಬರಲಿ, ಬಂದರೂ ಒಂದು ತುಂಡಿಗೆ ನಿಲ್ಲಲಿ.

ಪ್ರಶ್ನೆ: ನನಗೆ 38. ಆಪರೇಷನ್ ಆಗಿ ಎರಡು ತಿಂಗಳಾಯಿತು. ನೋವಿಲ್ಲ. ಆದರೆ ಬೆಳಿಗ್ಗೆ ತಿಂಡಿ ತಿಂದು ಇಪ್ಪತ್ತು ನಿಮಿಷಕ್ಕೆ ಟಾಯ್ಲೆಟ್‌ಗೆ ಓಡಬೇಕು. ನೀರಿನ ಹಾಗೆ ಹೋಗುತ್ತದೆ. ಕೆಲಸಕ್ಕೆ ಹೊರಡೋದೇ ಭಯ. ಈಗ ತಿಂಡಿ ಬಿಟ್ಟೇ ಹೋಗುತ್ತಿದ್ದೇನೆ. ಇದನ್ನು ಯಾರ ಹತ್ತಿರ ಹೇಳೋದು ಅಂತಲೂ ಗೊತ್ತಾಗಿಲ್ಲ.

ಉತ್ತರ: ಹೇಳಿದ್ದು ಒಳ್ಳೆಯದಾಯಿತು. ಈ ಆಪರೇಷನ್ ಆದವರಲ್ಲಿ ಇದು ಅಪರೂಪವೇನಲ್ಲ. ನಾಚಿಕೆಯಿಂದ ಬಾಯಿ ಬಿಡದೆ ವರ್ಷಗಟ್ಟಲೆ ಒದ್ದಾಡಿದವರನ್ನು ನೋಡಿ ನನಗೆ ನಿಜಕ್ಕೂ ಬೇಸರವಾಗುತ್ತದೆ. ಯಾಕೆಂದರೆ ಬಹಳಷ್ಟು ಜನರಲ್ಲಿ ಇದು ಹತೋಟಿಗೆ ಬರುವ ತೊಂದರೆ.

ಆಗುವುದು ಏನೆಂದರೆ, ಪಿತ್ತರಸದಲ್ಲಿರುವ ಆಮ್ಲಗಳ ನೂರಕ್ಕೆ 95 ಭಾಗವನ್ನು ಸಣ್ಣ ಕರುಳಿನ ತುದಿ ಹೀರಿ ಲಿವರ್‌ಗೆ ವಾಪಸ್ ಕಳಿಸುತ್ತದೆ. ಈಗ ಪಿತ್ತರಸ ಹೊತ್ತುಗೊತ್ತಿಲ್ಲದೆ ಇಳಿಯುತ್ತಿರುವುದರಿಂದ ಕೆಲವರಲ್ಲಿ ಸ್ವಲ್ಪ ಜಾಸ್ತಿ ಆಮ್ಲ ದೊಡ್ಡ ಕರುಳಿಗೆ ದಾಟಿಬಿಡುತ್ತದೆ. ಅದು ಅಲ್ಲಿ ನೀರನ್ನು ಎಳೆಯುತ್ತದೆ, ಕರುಳನ್ನು ಕೆರಳಿಸುತ್ತದೆ. ರಾತ್ರಿಯೆಲ್ಲ ಇಳಿದದ್ದು ಕರುಳಿನಲ್ಲಿರುತ್ತದೆ. ಬೆಳಗಿನ ಮೊದಲ ಊಟ ಬಿದ್ದ ಕೂಡಲೇ ಕರುಳು ಚುರುಕಾಗಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಬೆಳಿಗ್ಗೆಯೇ ಓಡಬೇಕಾಗಿ ಬರುವುದು ಇದಕ್ಕೇ.

ತಿಂಡಿ ಬಿಟ್ಟರೆ ಓಟ ಮುಂದಕ್ಕೆ ಹೋಗುತ್ತದೆಯೇ ಹೊರತು ತಪ್ಪುವುದಿಲ್ಲ. ನನ್ನ ಹತ್ತಿರ ಬಂದಿದ್ದ ಒಬ್ಬರು ಗೋಧಿ, ಬೇಳೆ, ಸೊಪ್ಪು, ಹಣ್ಣು ಎಲ್ಲವನ್ನೂ ಒಂದೊಂದಾಗಿ ಅನುಮಾನಿಸಿ ಬಿಟ್ಟಿದ್ದರು. ತೂಕ ಇಳಿದಿತ್ತು, ಭೇದಿ ನಿಂತಿರಲಿಲ್ಲ. ಹತ್ತು ದಿನ ಪುಸ್ತಕದಲ್ಲಿ ಬರೆಯಲು ಹೇಳಿದೆ. ಎಷ್ಟು ಹೊತ್ತಿಗೆ ತಿಂದದ್ದು, ಏನು, ಎಷ್ಟು, ಆಮೇಲೆ ಏನಾಯಿತು, ಹೀಗೆ ನಾಲ್ಕು ಸಾಲು ಗೆರೆ ಎಳೆದುಕೊಟ್ಟೆ. ಹತ್ತು ದಿನದಲ್ಲಿ ನಾಲ್ಕು ದಿನ ಕೆಟ್ಟಿದ್ದವು. ನಾಲ್ಕೂ ದಿನ ಹಿಂದಿನ ದಿನದ ಮಧ್ಯಾಹ್ನದ ಜಾಗ ಖಾಲಿ ಇತ್ತು, ರಾತ್ರಿಯ ಜಾಗ ತುಂಬಿ ತುಳುಕುತ್ತಿತ್ತು. ಅವರಿಗೆ ತೊಂದರೆ ಕೊಡುತ್ತಿದ್ದದ್ದು ಗೋಧಿಯಲ್ಲ, ಇಡೀ ದಿನ ಹಸಿದಿದ್ದು ರಾತ್ರಿ ಒಮ್ಮೆಗೇ ಉಣ್ಣುತ್ತಿದ್ದದ್ದು. ನೀವೂ ಮೊದಲು ಬರೆಯಿರಿ. ಸುಮ್ನೆ ಊಹೆಯ ಮೇಲೆ ಯಾವುದನ್ನೂ ಬಿಡಬೇಡಿ.

ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಾಫಿ ಬೇಡ. ಕಾಫಿ ಕರುಳನ್ನು ಇನ್ನಷ್ಟು ಓಡಿಸುತ್ತದೆ. ಅರ್ಧ ಬಟ್ಟಲು ಓಟ್ಸ್ ನೀರಿನಲ್ಲಿ ಬೇಯಿಸಿ, ಒಂದು ಬಾಳೆಹಣ್ಣು ಸೇರಿಸಿ ತಿನ್ನಿ. ಇವುಗಳಲ್ಲಿ ನೀರು ಹಿಡಿದು ಲೋಳೆಯಾಗುವ ನಾರಿನಂಶ ಇದೆ. ಅದು ಪಿತ್ತದ ಆಮ್ಲವನ್ನು ಸ್ವಲ್ಪಮಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ, ಮಲವನ್ನೂ ಗಟ್ಟಿ ಮಾಡುತ್ತದೆ. ಬಾರ್ಲಿ, ಸೇಬು, ಕ್ಯಾರೆಟ್, ಇಸಬ್ಗೋಲ್ ಕೂಡ ಇದೇ ಸಾಲಿಗೆ ಸೇರುತ್ತವೆ. ಇಸಬ್ಗೋಲನ್ನು ಒಂದು ಟೀ ಚಮಚದಿಂದ ಶುರುಮಾಡಿ, ಜೊತೆಗೆ ದೊಡ್ಡ ಲೋಟ ನೀರು ಕುಡಿಯಿರಿ. ನಾರನ್ನು ಒಂದೇ ವಾರದಲ್ಲಿ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಮೂರು ನಾಲ್ಕು ವಾರದಲ್ಲಿ ನಿಧಾನವಾಗಿ ಏರಿಸಿ.

ಹಾಲನ್ನು ಒಂದು ವಾರ ನಿಲ್ಲಿಸಿ ನೋಡಿ. ತುಂಬಾ ಸಿಹಿ ಪದಾರ್ಥ, ಶುಗರ್‌ಫ್ರೀ ಚ್ಯೂಯಿಂಗ್ ಗಮ್ ಕೂಡ ಬೇಡ. ನಿಮ್ಮ ಮಾತ್ರೆಗಳ ಪಟ್ಟಿಯನ್ನೂ ಒಮ್ಮೆ ನೋಡಬೇಕು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್, ಮೆಗ್ನೀಷಿಯಂ ಇರುವ ಆ್ಯಂಟಾಸಿಡ್‌ಗಳಿಂದಲೂ ಭೇದಿ ಆಗುತ್ತದೆ. ಪಾಪ, ಬೈಗುಳವೆಲ್ಲ ಆಪರೇಷನ್‌ಗೆ ಬೀಳುತ್ತದೆ. ಹಾಗಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಕೇಳಿ.

ನಾಲ್ಕು ವಾರ ಹೀಗೆ ಮಾಡಿಯೂ ನಿಲ್ಲದಿದ್ದರೆ ತಡ ಮಾಡದೆ ಡಾಕ್ಟರನ್ನು ಕಾಣಿ. ‘ಇದು ಪಿತ್ತದ ಆಮ್ಲದಿಂದ ಆಗುತ್ತಿರುವ ಭೇದಿ ಇರಬಹುದಾ’ ಎಂದು ನೀವೇ ಬಾಯಿಬಿಟ್ಟು ಕೇಳಿ. ಆ ಆಮ್ಲವನ್ನು ಕರುಳಿನಲ್ಲೇ ಹಿಡಿದಿಡುವ ಕೊಲೆಸ್ಟೈರಮಿನ್ ಎಂಬ ಪುಡಿ ಇದೆ. ಅನೇಕರಿಗೆ ಅದು ಬೇಗ ಗುಣ ಕೊಡುತ್ತದೆ. ಆದರೆ ಅದು ಬೇರೆ ಮಾತ್ರೆಗಳನ್ನೂ ಹಿಡಿದುಬಿಡುತ್ತದೆ. ಥೈರಾಯ್ಡ್ ಮಾತ್ರೆ ಅಥವಾ ಇನ್ನಾವುದೇ ಔಷಧಿ ಇದ್ದರೆ ಪುಡಿಗೆ ಕನಿಷ್ಠ ಒಂದು ಗಂಟೆ ಮುಂಚೆ, ಇಲ್ಲವೇ ನಾಲ್ಕರಿಂದ ಆರು ಗಂಟೆ ಆದಮೇಲೆ ತೆಗೆದುಕೊಳ್ಳಬೇಕು. ಮಲದಲ್ಲಿ ರಕ್ತ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಇಳಿಯುತ್ತಲೇ ಇರುವ ತೂಕ, ಇವುಗಳಲ್ಲಿ ಒಂದಿದ್ದರೂ ನಾಲ್ಕು ವಾರ ಕಾಯಬೇಡಿ.

ಪ್ರಶ್ನೆ: ನಮ್ಮ ಅಮ್ಮನಿಗೆ 67 ವರ್ಷ. ಆಪರೇಷನ್ ಆಗಿ ನಾಲ್ಕು ದಿನ. ಎಲ್ಲರೂ ಭೇದಿ ಆಗುತ್ತೆ ಅಂದಿದ್ದರು, ಅಮ್ಮನಿಗೆ ನೋಡಿದರೆ ಮಲವೇ ಹೋಗಿಲ್ಲ. ಬಲಭುಜ ನೋವು ಅಂತಲೂ ಹೇಳುತ್ತಾರೆ. ಊಟದ್ದೇ ಸಮಸ್ಯೆನಾ?

ಉತ್ತರ: ಹೆಚ್ಚಾಗಿ ಅಲ್ಲ. ಅರಿವಳಿಕೆ, ನೋವಿನ ಮಾತ್ರೆ, ಮಲಗಿಯೇ ಇರುವುದು, ಕಡಿಮೆ ತಿನ್ನುವುದು ಎಲ್ಲ ಸೇರಿ ಮೊದಲ ವಾರ ಮಲಬದ್ಧತೆ ಆಗುತ್ತದೆ. ಗಂಟೆಗೊಮ್ಮೆ ಕೈಹಿಡಿದು ಮನೆಯೊಳಗೇ ನಾಲ್ಕು ಹೆಜ್ಜೆ ನಡೆಸಿ. ಬಿಸಿನೀರು, ಬೇಯಿಸಿದ ಸೇಬು, ಪಪಾಯ ಕೊಡಿ. ಮಲ ಮೆತ್ತಗಾಗುವ ಔಷಧಿ ಬೇಕಾ ಎಂದು ಆಪರೇಷನ್ ಮಾಡಿದ ಡಾಕ್ಟರನ್ನು ಕೇಳಿ, ಮಲಕ್ಕೆ ಕೂತಾಗ ಅಮ್ಮ ತಿಣುಕಬಾರದು. ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದರೆ, ಗಾಳಿಯೂ ಹೋಗುತ್ತಿಲ್ಲ ಎಂದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಭುಜದ ನೋವಿಗೆ ಸಾಮಾನ್ಯವಾಗಿ ಕಾರಣ ಆಪರೇಷನ್ ವೇಳೆ ಹೊಟ್ಟೆಯೊಳಗೆ ತುಂಬುವ ಕಾರ್ಬನ್ ಡೈಆಕ್ಸೈಡ್ ಅನಿಲ. ಅದು ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರವಾದ ವಪೆಯನ್ನು ಕೆಣಕುತ್ತದೆ, ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವು ದಿನದಲ್ಲಿ ತಾನಾಗಿ ಹೋಗುತ್ತದೆ. ಜೊತೆಗೆ ಉಸಿರಾಟದ ಕಷ್ಟ ಅಥವಾ ಎದೆನೋವು ಇದ್ದರೆ ಕಾಯಬೇಡಿ.

ಪ್ರಶ್ನೆ: ಆಪರೇಷನ್ ಆಗಿ ಎಂಟು ತಿಂಗಳು. ಎಲ್ಲ ತಿನ್ನುತ್ತಿದ್ದೆ, ಐದು ಕೆಜಿ ಜಾಸ್ತಿಯೂ ಆಗಿದ್ದೇನೆ. ಹೋದ ವಾರ ಎರಡು ಸಲ ಪಕ್ಕೆಲುಬಿನ ಕೆಳಗೆ ಹಳೆಯ ನೋವೇ ಬಂದ ಹಾಗಾಯಿತು. ಪಿತ್ತಕೋಶವೇ ಇಲ್ಲ, ಮತ್ತೆ ಕಲ್ಲು ಹೇಗೆ ಬರುತ್ತೆ? ಮತ್ತೆ ಪಥ್ಯ ಶುರು ಮಾಡಲಾ?

ಉತ್ತರ: ಪಥ್ಯಕ್ಕಿಂತ ಮೊದಲು ಪರೀಕ್ಷೆ. ಲಿವರ್‌ನಿಂದ ಕರುಳಿಗೆ ಹೋಗುವ ಪಿತ್ತನಾಳ ಇನ್ನೂ ಅಲ್ಲೇ ಇದೆ. ಅದರಲ್ಲಿ ಮೊದಲೇ ಜಾರಿ ಉಳಿದಿದ್ದ ಕಲ್ಲು ಇರಬಹುದು, ಅಪರೂಪಕ್ಕೆ ಹೊಸದೂ ಆಗಬಹುದು. ಗ್ಯಾಸ್ಟ್ರಿಕ್ ಅಥವಾ ಮೇದೋಜೀರಕ ಗ್ರಂಥಿಯ ತೊಂದರೆಯೂ ಇದೇ ಜಾಗದಲ್ಲಿ ನೋವು ಕೊಡುತ್ತದೆ. ಇದನ್ನು ಊಟ ಬದಲಿಸಿ ಕಂಡುಹಿಡಿಯಲು ಆಗುವುದಿಲ್ಲ. ಲಿವರ್‌ನ ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಬೇಕಾಗುತ್ತದೆ. ಈ ವಾರವೇ ಹೋಗಿ.

ತೂಕದ ವಿಷಯಕ್ಕೆ ಬಂದರೆ, ನೋವಿನ ಭಯಕ್ಕೆ ಕಡಿಮೆ ತಿನ್ನುತ್ತಿದ್ದವರು ನೋವು ಹೋದಮೇಲೆ ಬಾಯಿತುಂಬ ತಿನ್ನುತ್ತಾರೆ. ಅಲ್ಲೇ ಜಾಸ್ತಿ ಆಗುವುದು. ಇಳಿಸೋಣ, ಆದರೆ ಉಪವಾಸ ಮಾಡಿ ಒಂದೇ ಸಮನೆ ಇಳಿಸುವುದು ಬೇಡ. ವೇಗವಾಗಿ ತೂಕ ಇಳಿದಾಗ ಲಿವರ್ ಪಿತ್ತರಸಕ್ಕೆ ಕೊಲೆಸ್ಟ್ರಾಲನ್ನು ಜಾಸ್ತಿ ಬಿಡುತ್ತದೆ, ಕಲ್ಲಾಗುವುದಕ್ಕೆ ಅದೇ ದಾರಿ. ವಾರಕ್ಕೆ ಅರ್ಧ ಕೆಜಿ ಸಾಕು. ಅದನ್ನೂ ಪರೀಕ್ಷೆಯ ವರದಿ ಕೈಗೆ ಬಂದಮೇಲೆ ಶುರುಮಾಡಿ.

ಅಷ್ಟರೊಳಗೆ ಕಣ್ಣು ಹಳದಿಯಾದರೆ, ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಮಲ ಸುಣ್ಣದ ಹಾಗೆ ಬಿಳಿಚಿಕೊಂಡರೆ, ಚಳಿಜ್ವರ ಬಂದರೆ, ಅಥವಾ ನೋವು ಬೆನ್ನಿಗೆ ಹರಡಿ ವಾಂತಿ ನಿಲ್ಲದಿದ್ದರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ಆಪರೇಷನ್‌ನ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಹೊರಡುವಾಗ ಏನೂ ತಿನ್ನಬೇಡಿ. ಕೊನೆಯದಾಗಿ ಎಷ್ಟು ಹೊತ್ತಿಗೆ ಊಟ ಮಾಡಿದ್ದಿರಿ ಅಂತ ಅಲ್ಲಿ ಕೇಳುತ್ತಾರೆ, ಅದನ್ನು ನೆನಪಿಟ್ಟುಕೊಂಡಿರಿ.